ಮಾತಿಗಿಂತ ಮೊದಲು ಬಂದ ನಗು

ಅತ್ತೆ,

ನಿನ್ನ ದನಿ ನನ್ನ ಹತ್ತಿರ ಇತ್ತು. ಇವತ್ತಿನವರೆಗೂ ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ನಿನ್ನ ಮಗಳು ಲತಕ್ಕನಿಗೂ. ಅವಳ ಮದುವೆಯ ಡಿವಿಡಿ ಗೀರು ಬಿದ್ದು ಈಗ ಎಲ್ಲೂ ಓಡುವುದಿಲ್ಲ. ಉಳಿದಿರುವುದು ನಾನು ಕಂಪ್ಯೂಟರಿಗೆ ಇಳಿಸಿಕೊಂಡದ್ದೊಂದೇ.

ಆ ಮದುವೆಯಲ್ಲಿ ನೀನು ಬೀಗರನ್ನು ಗೇಲಿ ಮಾಡಿ ಹಾಡಿದ್ದು ನೆನಪಿದೆಯಾ? ಗಂಡಿನ ಸೋದರಮಾವನ ಮೀಸೆಯನ್ನು ಪೊರಕೆಗೆ ಹೋಲಿಸಿ, ನಿಂತಲ್ಲೇ ಕಟ್ಟಿದ ಸಾಲು. ಕೊಡಿಗೇಹಳ್ಳಿ ಮನೆ ಮುಂದಿನ ಚಪ್ಪರಕ್ಕೆ ಚಪ್ಪರವೇ ನಕ್ಕಿತು, ಮೀಸೆಯವರೂ ನಕ್ಕರು. ನಾನು ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು ಅಲೆಯುತ್ತಿದ್ದ ವರ್ಷ ಅದು. "ಇಸ್ಕೂಲ್ ಬಿಟ್ಟೆ, ಹೋಗ್ಲಿ. ಆ ಗೇಮಾದ್ರೂ ಒಂದ್ಕಡೆ ಕೂತ್ಕೊಂಡು ಆಡೋ. ಕಾಲಲ್ಲಿ ಚಕ್ರ ಐತೇನೋ ನಿಂಗೆ?" ಅಂತ ಅವತ್ತೂ ಬೈದೆ.

ಗಂಟಲಿನ ಆಪರೇಷನ್ ಆದ ಮೇಲೆ ನಿನಗೆ ಮಾತೇ ಹೋಯಿತು. ಆಸ್ಪತ್ರೆಯಲ್ಲಿ ಮಲಗಿಯೇ ನೋಡಲೆಂದು ಆ ಹಾಡನ್ನು ನನ್ನ ಪಿಎಸ್‌ಪಿಗೆ ಹಾಕಿ ತಂದೆ. ಕೈಯಲ್ಲಿ ಹಿಡಿದು ಗೇಮ್ ಆಡುವ ಯಂತ್ರ. ಅದಕ್ಕೆ ಹೊಂದುವಂತೆ ವಿಡಿಯೊವನ್ನು ಬದಲಿಸಬೇಕಿತ್ತು. ಪರದೆಯಲ್ಲಿ ಹಾಡುತ್ತಿದ್ದ ನಿನ್ನ ಜೊತೆಗೆ ನೀನೂ ತುಟಿ ಆಡಿಸತೊಡಗಿದೆ. ದನಿ ಹಿಂದೆ ಬಿತ್ತು. ಮೀಸೆಯ ಸಾಲು ಕೇಳಿಸುವ ಮೊದಲೇ ಪರದೆಯಲ್ಲಿ ಜನ ನಕ್ಕು ಮುಗಿಸಿದ್ದರು. ಚಿತ್ರ ಮುಗಿದ ಮೇಲೂ ಕಪ್ಪು ಪರದೆಯ ಹಿಂದೆ ನಿನ್ನ ದನಿಯೊಂದೇ ಹಾಡುತ್ತಿತ್ತು. ನೀನು ತುಟಿ ಮುಟ್ಟಿ, ಕಿವಿ ಮುಟ್ಟಿ, ಎರಡು ಬೆರಳು ಜೋಡಿಸಿ ತೋರಿಸಿದೆ. ಎರಡನ್ನೂ ಸೇರಿಸಿಕೊಡು.

ಮೆಮೊರಿ ಕಾರ್ಡ್ ಬದಲಾಯಿಸಿದೆ, ಸಾಫ್ಟ್‌ವೇರ್ ಬದಲಾಯಿಸಿದೆ. ಹೆಬ್ಬಾಳದ ಮೊಬೈಲ್ ಅಂಗಡಿಯ ಗೆಳೆಯ ಇಮ್ರಾನ್, "ಸರಿ ಹೋಯ್ತು ಅಂದ್ಬಿಡು ಮಗಾ. ಹುಷಾರಿಲ್ದೋರಿಗೆ ಎಲ್ ಗೊತ್ತಾಗತ್ತೆ?" ಅಂದ.

"ಗೊತ್ತಾಗತ್ತೆ ಕಣೋ. ಹಾಡಿರೋದು ನಮ್ಮತ್ತೇನೇ."

ಆ ಸಂಜೆ ನೀನು ಹುಬ್ಬೇರಿಸಿ ಕೇಳಿದೆ. "ಇಲ್ಲ ಅತ್ತೆ, ಇನ್ನೂ ಆಗಿಲ್ಲ" ಅಂದೆ. ಅದೇ ನಾನು ನಿನಗೆ ಹೇಳಿದ ಕೊನೆಯ ಮಾತಾಯಿತು. ಒಂದು ಸುಳ್ಳು ಹೇಳಿದ್ದರೆ ನೀನು... ಇಲ್ಲ, ಕಂಡುಹಿಡಿಯುತ್ತಿದ್ದೆ. ನಿನ್ನ ಬಾಯಿಗೆ ಕೂಡದ ದನಿಯನ್ನು ಲತಕ್ಕನ ಕೈಗಾದರೂ ಹೇಗೆ ಕೊಡಲಿ? ಅದಕ್ಕೇ ಸುಮ್ಮನಿದ್ದೆ.

ಮೊನ್ನೆ ತಪ್ಪು ಸಿಕ್ಕಿತು. ಮದುವೆಯ ವಿಡಿಯೊದಲ್ಲಿ ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಹೆಚ್ಚಿದ್ದಷ್ಟೂ ಚೆನ್ನ ಅನ್ನುವ ಗೇಮಿನ ಚಟದಲ್ಲಿ ನಾನು ಪ್ರತಿ ಸಲವೂ ಮೂವತ್ತು ಹಾಕುತ್ತಿದ್ದೆ. ಚಿತ್ರ ಓಡಿತು, ದನಿ ತನ್ನ ಪಾಡಿಗೆ ನಡೆದು ಬಂತು. ನನ್ನ ಕಾಲಿನ ಚಕ್ರವನ್ನು ನಿನ್ನ ಹಾಡಿಗೂ ಕಟ್ಟಿದ್ದೆನಲ್ಲ ಅತ್ತೆ! ಇಪ್ಪತ್ತೈದು ಮಾಡಿದೆ. ನಿನ್ನ ತುಟಿಯಿಂದಲೇ ನಿನ್ನ ದನಿ ಬಂತು. ಮೊದಲು ಮೀಸೆ, ಆಮೇಲೆ ನಗು.

ಇವತ್ತು ಪಿಎಸ್‌ಪಿಯನ್ನೇ ಲತಕ್ಕನಿಗೆ ಕೊಟ್ಟು ಬಂದೆ. ಅಡುಗೆಮನೆಯ ಬಾಗಿಲಲ್ಲಿ ನಿಂತೇ ನೋಡಿದಳು. ಅವಳೂ ತುಟಿ ಆಡಿಸುತ್ತಿದ್ದಳು. "ಅಮ್ಮ ಉಸಿರು ತಗೊಳ್ಳೋದೂ ಕೇಳ್ಸತ್ತೆ ಕಣೋ" ಅಂದಳು.

ಹುಬ್ಬಳ್ಳಿಯಲ್ಲಿ ಮದುವೆ ವಿಡಿಯೊ ಮಾಡುವವರೊಬ್ಬರ ಹತ್ತಿರ ಕೆಲಸ ಸಿಕ್ಕಿದೆ. ಎಡಿಟಿಂಗ್, ಒಂದೇ ಕಡೆ ಕೂತು ಮಾಡುವ ಕೆಲಸ. ನಾಳೆ ಬೆಳಿಗ್ಗೆ ಯಶವಂತಪುರದಿಂದ ರೈಲು ಹಿಡಿಯುತ್ತೇನೆ.