ಚೆಂಡು ಬರುವ ಮುಂಚೆ

ಶುಕ್ರವಾರ ಮಧ್ಯಾಹ್ನ
ಗ್ಯಾಲರಿಯ ಕೆಳಗಿನ ಕೋಣೆ

ಪುಟ್ಟೀ,

ಮೇಲಿನ ಮಹಡಿಯಲ್ಲಿ ಎಲ್ಲರೂ ನಿನ್ನನ್ನು ಮೇಡಂ ಎನ್ನುತ್ತಾರೆ. ಕಾಗದದಲ್ಲಾದರೂ ಪುಟ್ಟಿಯಾಗಿಯೇ ಇರು.

ಒಂಬತ್ತನೇ ನಂಬರಿನ ಜರ್ಸಿಯ ಮೇಲೆ ಇಂದು ಬೆಳಿಗ್ಗೆ ಹೊಸ ಹೆಸರು ಬಿತ್ತು. ಇದನ್ನು ನನಗೆ ತಿಳಿಸಿದ್ದು ನೀನಲ್ಲ, ಅಧ್ಯಕ್ಷರೂ ಅಲ್ಲ, ಬಟ್ಟೆ ಕೋಣೆಯ ದೊಡ್ಡಮ್ಮ. ಈ ಕ್ಲಬ್ಬಿನಲ್ಲಿ ಯಾರನ್ನು ಕೊಂಡು ತಂದರೂ ಮೊದಲು ಗೊತ್ತಾಗುವುದು ಅವಳಿಗೆ. ಹೆಸರಿನ ಅಕ್ಷರಗಳನ್ನು ಜರ್ಸಿಗೆ ಇಸ್ತ್ರಿ ಒತ್ತಿ ಅಂಟಿಸುವವಳು ಅವಳೇ ತಾನೆ. ನಾನು ಕಿರಿಯರ ತಂಡದ ಸಾಕ್ಸುಗಳಿಗಾಗಿ ಹೋದಾಗ, ಇನ್ನೂ ಬಿಸಿಯಾಗಿದ್ದ ಜರ್ಸಿಯನ್ನು ಮಗುಚಿ ಹಿಡಿದು, "ನೋಡಮ್ಮ, ನಿನ್ನ ತಂಗಿ ತಂದಿರೋ ಹೊಸ ಸೊಸೆ! ಹೆಸರು ಎಷ್ಟುದ್ದ ಅಂದ್ರೆ ಒಂದು ಬೆನ್ನು ಸಾಲಲ್ಲ" ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿ ಇಸ್ತ್ರಿಪೆಟ್ಟಿಗೆ ಬದಿಗಿಟ್ಟಳು. "ಅಯ್ಯೋ, ನಿಂಗೆ ಹೇಳೇ ಇಲ್ವಾ?"

ಹೇಳಿರಲಿಲ್ಲ.

"ಮೊದಲು ಸುದ್ದಿ ಹೇಳಿ, ಯಾರು ಹೇಳಿದ್ದು ಅಂತ ಹೇಳಿ, ಆಮೇಲೆ ಬೇಕಾದ್ರೆ ಅಳ್ಕೊಳ್ಳಿ" ಎಂದು ಅಪ್ಪ ನಮ್ಮಿಬ್ಬರ ಜಗಳ ಬಿಡಿಸುತ್ತಿದ್ದದ್ದು ನಿನಗೆ ನೆನಪಿರಬೇಕು. ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ ಮನುಷ್ಯನಿಗೆ ಮಕ್ಕಳ ಜಗಳವೂ ಒಂದು ವರದಿ. ಸುದ್ದಿ ಹೇಳಿದ್ದಾಯಿತು, ಮೂಲವನ್ನೂ ಹೇಳಿದ್ದಾಯಿತು. ಇನ್ನು ಉಳಿದದ್ದು ಅಳು.

ಮೆಟ್ಟಿಲು ಹತ್ತಿ ಬಂದು ಹೇಳಬಹುದಿತ್ತು. ಮೊನ್ನೆ ಬಂದೆ. ನಿನ್ನ ಬಾಗಿಲಲ್ಲಿ ಕೂತಿರುವ ಹುಡುಗಿ, "ಯಾವ ವಿಷಯಕ್ಕೆ?" ಎಂದು ಕೇಳಿದಳು. ಅಕ್ಕ ತಂಗಿಯನ್ನು ನೋಡಲು ವಿಷಯ ಬೇಕು ಎಂಬುದು ನನಗೆ ಹೊಳೆದಿರಲಿಲ್ಲ. ಗಾಜಿನ ಗೋಡೆಯಾಚೆ ನೀನು ಫೋನಿನಲ್ಲಿ ಮಾತಾಡುತ್ತ ಕುರ್ಚಿಯನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸುತ್ತಿದ್ದೆ. ತಿರುಗುವ ಕುರ್ಚಿ. ನನ್ನ ಕೋಣೆಯ ಕುರ್ಚಿಗೆ ಒಂದು ಕಾಲು ಗಿಡ್ಡ, ಕೆಳಗೆ ಹಳೆಯ ಬೂಟಿನ ಅಟ್ಟೆ ಕೊಟ್ಟಿದ್ದೇನೆ. ಚೆನ್ನಾಗಿಯೇ ನಿಲ್ಲುತ್ತದೆ, ತಿರುಗುವುದಿಲ್ಲ ಅಷ್ಟೇ.

ಆ ಕುರ್ಚಿಗೆ ನಾನೂ ಅರ್ಜಿ ಹಾಕಿದ್ದೆ. ನಿನಗೆ ಗೊತ್ತಿತ್ತೋ ಇಲ್ಲವೋ, ಕೇಳಲು ಹೋಗಿಲ್ಲ. ಅಧ್ಯಕ್ಷರು ನನ್ನನ್ನು ಕೂರಿಸಿ, ಟೀ ಕೊಡಿಸಿ, "ನೀವು ನಮ್ಮವರೇ ಬಿಡಿ. ಆದ್ರೆ ಈಗ ಸ್ವಲ್ಪ ಹೊರಗಿನ ಅನುಭವ ಬೇಕು" ಎಂದರು. ಹೊರಗಿನ ಅನುಭವ ಹುಡುಕಿಕೊಂಡು ಹೋಗಿ ಅವರು ತಂದದ್ದು ನಮ್ಮ ಮನೆಯವಳನ್ನೇ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅದೇ ಗಿಡವನ್ನು ಕಿತ್ತು, ಬೇರೆ ಊರಿನ ಕುಂಡದಲ್ಲಿಟ್ಟು ವಾಪಸು ತಂದರೆ ಮದ್ದಾಗುತ್ತದೆ ಎಂದು ಕಾಣುತ್ತದೆ.

ಭಾನುವಾರದ ಪತ್ರಿಕೆಯಲ್ಲಿ ನಿನ್ನ ಸಂದರ್ಶನ ಓದಿದೆ. ಫೋಟೋ ಚೆನ್ನಾಗಿ ಬಂದಿದೆ, ಅದನ್ನು ಅಲ್ಲಗಳೆಯುವುದಿಲ್ಲ. ನಾಲ್ಕನೇ ಪ್ಯಾರಾದಲ್ಲಿ ಹೀಗಿದೆ: ಕ್ಲಬ್ಬಿನ ಹೊಸ ಕ್ರೀಡಾ ನಿರ್ದೇಶಕಿಯ ತತ್ವ ಒಂದೇ ಮಾತಿನದು, 'ಚೆಂಡು ಬರುವ ಮುಂಚೆ ಹಿಂದೆ ನೋಡು', ಇದು ಅವರು ವಿದೇಶದ ತರಬೇತಿಯಲ್ಲಿ ಕಲಿತ ವಿಧಾನ.

ವಿದೇಶ ಅಂದರೆ ಯಾವುದು, ಪುಟ್ಟೀ? ನಮ್ಮ ಮನೆಯ ಹಿಂದಿನ ಓಣಿಯೇ? ನೀನು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ನಾನು ಚೆಂಡನ್ನು ಗೋಡೆಗೆ ಒದೆಯುವ ಮುಂಚೆ "ಹಿಂದೆ ಏನಿದೆ?" ಎಂದು ಕೂಗುತ್ತಿದ್ದೆ. ಚೆಂಡು ನಿನ್ನ ಕಾಲಿಗೆ ಬರುವುದರೊಳಗೆ ನೀನು ಹೇಳಬೇಕಿತ್ತು: ಸೈಕಲ್, ಬಕೆಟ್, ಟೈಲರ್ ಮಾವ, ಬೆಕ್ಕು. ತಪ್ಪು ಹೇಳಿದರೆ ಚೆಂಡು ತರಲು ಚರಂಡಿಗೆ ನೀನೇ ಇಳಿಯಬೇಕು. ಇಂದಿಗೂ ಕಿರಿಯರ ಆಯ್ಕೆಯಲ್ಲಿ ನಾನು ನೋಡುವುದು ಅದನ್ನೇ. ಓಟ ಕಲಿಸಬಹುದು, ಒದೆತ ಕಲಿಸಬಹುದು. ಚೆಂಡು ಇನ್ನೂ ದೂರದಲ್ಲಿದ್ದಾಗಲೇ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡುವವಳು ಸಿಕ್ಕರೆ ಬಿಡುವುದಿಲ್ಲ.

'ವಿದೇಶ' ಎಂಬುದನ್ನು ವರದಿಗಾರನೇ ಸೇರಿಸಿರಬಹುದು. ಅಪ್ಪನ ಮಗಳಾಗಿ ಅಷ್ಟು ಸಂಶಯದ ಲಾಭ ನಿನಗೆ ಕೊಡಬೇಕು. ಕೊಡುತ್ತಿಲ್ಲ.

ಇನ್ನು ಕೆಲಸದ ಮಾತು. ಕಳೆದ ಸಲ ನಾವು ಕೆಳಗಿನ ದರ್ಜೆಗೆ ಇಳಿಯದೆ ಪಾರಾದದ್ದು ಒಂದೇ ಪಾಯಿಂಟಿನಿಂದ. ಅದಕ್ಕಾಗಿ ಅನುಭವಿ ಫಾರ್ವರ್ಡ್ ಒಬ್ಬಳನ್ನು ತರುವುದು, ಎರಡು ವರ್ಷ ಆಡಿಸಿ ಒಳ್ಳೆಯ ಬೆಲೆಗೆ ಮಾರುವುದು, ಆ ಹಣದಿಂದ ಕಿರಿಯರ ವಿಭಾಗವನ್ನು ಮತ್ತೆ ಕಟ್ಟುವುದು, ಇಂದು ಬೆಳಿಗ್ಗೆ ನನ್ನ ಮೇಜಿಗೆ ಬಂದ ಕಾಗದಗಳ ಪ್ರಕಾರ, ನಿನ್ನ ಯೋಜನೆ. ಅಲ್ಲಿಯವರೆಗೆ ಅತಿ ಚಿಕ್ಕ ಹುಡುಗಿಯರ ಆಯ್ಕೆ ನಿಲ್ಲುತ್ತದೆ, ನಾನು ಬೆಳೆಸಿದ ಹುಡುಗಿ ಗುಬ್ಬಿ, ನದಿಯಾಚೆಯ ಸಣ್ಣ ಕ್ಲಬ್ಬಿಗೆ ಒಂದು ವರ್ಷ ಎರವಲು ಹೋಗುತ್ತಾಳೆ. ಹೊಸಬಳಿಗೆ ಕೊಟ್ಟ ಬೆಲೆ ನನ್ನ ಇಡೀ ವಿಭಾಗದ ವರ್ಷದ ಖರ್ಚಿಗಿಂತ ದೊಡ್ಡದು. ಆದರೂ ಯೋಜನೆ ತಪ್ಪಲ್ಲ. ಮೂರು ಸಲ ಓದಿದೆ, ಎಲ್ಲಾದರೂ ತೂತು ಸಿಗುತ್ತದೋ ಎಂದು. ಸಿಗಲಿಲ್ಲ. ಕೆಟ್ಟ ಯೋಜನೆಯಾಗಿದ್ದರೆ ಇಷ್ಟುದ್ದ ಬರೆಯುತ್ತಲೇ ಇರಲಿಲ್ಲ.

ಆದರೆ ಗುಬ್ಬಿಯನ್ನು ಬಿಡಲಾರೆ. ಒಂಬತ್ತನೇ ನಂಬರು ಅವಳದು. ಹತ್ತು ವರ್ಷದ ಹುಡುಗಿಯನ್ನು ನಾನು ಮೊದಲು ಕಂಡದ್ದು ಗೇಟಿನ ಹೊರಗೆ, ಗೋಡೆ ದಾಟಿ ಬಂದ ಚೆಂಡನ್ನು ಅಡ್ಡಗಟ್ಟಿ, "ನನ್ನನ್ನೂ ಸೇರಿಸ್ಕೊಂಡ್ರೆ ಮಾತ್ರ ಕೊಡೋದು" ಎಂದು ಚೌಕಾಸಿ ಮಾಡುತ್ತಿದ್ದಾಗ. ಈಗ ಹತ್ತೊಂಬತ್ತು. ಎರವಲು ಕೊಟ್ಟ ಕೊಡೆ ಯಾರ ಮನೆಗೆ ವಾಪಸು ಬಂದಿದೆ, ಹೇಳು? ಬಂದರೂ ಅದೇ ಕೊಡೆ ಬರುವುದಿಲ್ಲ. ನಿನ್ನನ್ನೂ ಹೀಗೆಯೇ ಒಂದು ವರ್ಷಕ್ಕೆಂದು ಬಸ್ಸು ಹತ್ತಿಸಿದ್ದೆ. ಕಿಟಕಿಯಿಂದ ಕೈಬೀಸಿ, "ಅಕ್ಕಾ, ನನ್ನ ಮಂಚದ ಮೇಲೆ ಬಟ್ಟೆ ರಾಶಿ ಹಾಕ್ಬೇಡ" ಎಂದಿದ್ದೆ. ನೀನು ತಿರುಗಿ ಬಂದದ್ದು ನನ್ನ ತಲೆಯ ಮೇಲಿನ ಮಹಡಿಗೆ.

ಆಟಗಾರ್ತಿ ಒಪ್ಪದೆ ಎರವಲು ಕಳಿಸುವಂತಿಲ್ಲ ಎಂಬ ನಿಯಮ ನಿನಗೂ ಗೊತ್ತು. ಇಂದು ಬೆಳಗಿನ ಅಭ್ಯಾಸ ಮುಗಿದ ಮೇಲೆ ಗುಬ್ಬಿಯೊಡನೆ ಮಾತಾಡಿದೆ. ಅವಳು ಒಪ್ಪಲಿಲ್ಲ. ಮೈದಾನದ ಪಕ್ಕದ ಬೆಂಚಿನಲ್ಲಿ ಗೋಳೋ ಎಂದು ಅತ್ತಳು. ನಿಮ್ಮನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದಳು. ಹಾಗಾಗಿ ಆ ವಿಷಯವನ್ನು ಇಲ್ಲಿಗೇ ಕೈಬಿಡುವುದು ಒಳ್ಳೆಯದು. ಹೊಸಬಳಿಗೆ ಬೇರೆ ಯಾವುದಾದರೂ ನಂಬರು ನೋಡು. ದೊಡ್ಡಮ್ಮ ಅಕ್ಷರ ಕೀಳಲೂ ಬಲ್ಲಳು.

ಮನೆಗೆ ಬಂದಾಗ ಮುಂಬಾಗಿಲು ತಟ್ಟಬೇಡ, ತೆರೆದೇ ಇರುತ್ತದೆ. ನಿನ್ನ ಮಂಚದ ಮೇಲೆ ಬಟ್ಟೆ ರಾಶಿ ಇದೆ.

ಇಂತಿ,
ಕೆಳಗಿನ ಮಹಡಿಯ
ಅಕ್ಕ

ತಾ.ಕ.: ತಿದ್ದುಪಡಿ. ಈ ಕಾಗದವನ್ನು ಹರಿದು ಬೇರೆ ಬರೆಯಬಹುದಿತ್ತು. ಆದರೆ ಅಚ್ಚಾದದ್ದನ್ನು ನುಂಗಬಾರದು, ಮಾರನೆಯ ದಿನ ಮೂಲೆಯಲ್ಲಾದರೂ ಸರಿ, ತಿದ್ದುಪಡಿ ಹಾಕಬೇಕು ಎನ್ನುತ್ತಿದ್ದರು ಅಪ್ಪ.

ಗುಬ್ಬಿ ಒಪ್ಪಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ದೊಡ್ಡಮ್ಮನಿಂದ ಸುದ್ದಿ ಅವಳಿಗೂ ಮುಟ್ಟಿತ್ತು, ನಾನು ಬಾಯಿ ತೆರೆಯುವ ಮುಂಚೆ ಅವಳೇ ಕೇಳಿದಳು: "ಅಕ್ಕಾ, ನನ್ನನ್ನ ನದಿಯಾಚೆ ಕಳಿಸ್ತೀರಾ?" ನಂಬರಿಗಾಗಿ ನಾನು ಜಗಳ ಆಡುತ್ತೇನೆ, ನೀನು ಸುಮ್ಮನಿರು ಎಂದೆ. ಅವಳು ನಕ್ಕಳು. "ಚೆಂಡು ಬರೋ ಮುಂಚೆ ಹಿಂದೆ ನೋಡು ಅಂತ ನೀವೇ ಅಲ್ವಾ ಕಲಿಸಿದ್ದು? ನೋಡ್ದೆ. ಹಿಂದೆ ದೊಡ್ಡ ಆಟಗಾರ್ತಿ ನಿಂತಿದ್ದಾಳೆ. ಇಲ್ಲಿದ್ರೆ ಬೆಂಚು ಕಾಯ್ಬೇಕು, ಅಲ್ಲಿ ಹೋದ್ರೆ ಆಡ್ತೀನಿ. ಯಾವ ಕಡೆ ತಿರುಗ್ಬೇಕು ಅಂತ ಗೊತ್ತಾಯ್ತು. ನಿಮ್ಮ ತಂಗಿ ಹಾಗೆ ದೊಡ್ಡೋಳಾಗಿ ಬರ್ತೀನಿ, ನೋಡ್ತಿರಿ." ಹೋಲಿಸಲು ಅವಳಿಗೆ ನೀನೇ ಬೇಕಿತ್ತೇ?

ಬೆಂಚಿನಲ್ಲಿ ಒಬ್ಬರು ಅತ್ತದ್ದು ನಿಜ. ಅದು ಗುಬ್ಬಿಯಲ್ಲ.

ಉಳಿದದ್ದೆಲ್ಲ ಬರೆದಂತೆಯೇ ಇದೆ. ಹೊಟ್ಟೆಕಿಚ್ಚಿಗೆ ತಿದ್ದುಪಡಿ ಇಲ್ಲ. ಎರವಲಿನ ಒಪ್ಪಿಗೆಗೆ ಗುಬ್ಬಿಯ ಸಹಿಯ ಕೆಳಗೆ ನನ್ನ ಸಹಿ ಹಾಕಿ ನಿನ್ನ ಬಾಗಿಲ ಹುಡುಗಿಯ ಕೈಗೆ ಕೊಟ್ಟಿದ್ದೇನೆ. ಈ ಸಲ ಅವಳು ವಿಷಯ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ನದಿಯಾಚೆಯ ಕ್ಲಬ್ಬಿನಲ್ಲಿ ಗುಬ್ಬಿಯ ವೈದ್ಯಕೀಯ ತಪಾಸಣೆ. ಬಸ್ಸು ಎಂಟಕ್ಕೆ.