ಮೂಲೆಯ ಎರಡು ಗೆರೆ

ಜೂನ್ 3, ಸಂಜೆ
ದಿನವಿಡೀ ಚಿಕ್ಕಮ್ಮನ ಸೋಫಾ ಅಂಗಡಿಯಲ್ಲಿ ಸ್ಪಂಜು ಕತ್ತರಿಸಿ ಬೆರಳು ಉರಿ. ಚಿಕ್ಕಮ್ಮ ಚೆಕ್ ಪುಸ್ತಕ ತಳ್ಳಿದಳು. "ನಂಗೆ ಸಹಿ ಒಂದೇ ಬರೋದು. ಮಿಕ್ಕಿದ್ದು ನಮ್ಮ ಮೇಡಂ ಬರೀಲಿ." ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಮೇಡಂ!

ಅಂಗಡಿಯಲ್ಲಿ ಕವರ್ ಹೊಲಿಯುವ ಅಕ್ಕ ಇಷ್ಟು ದಿನ ಚಿಕ್ಕಮ್ಮನ ಹತ್ತಿರವೇ ಕೂಡಿಡಲು ಬಿಟ್ಟಿದ್ದ ಕೂಲಿಗೆ ಈ ಚೆಕ್. ಅಕ್ಕ ಪಕ್ಕಕ್ಕೆ ಕರೆದಳು. "ಕೈಗೇ ದುಡ್ಡು ಸಿಗೋ ಹಾಗೆ ಬರಿಯೇ ಪುಟ್ಟಿ. ಇರೋ ಖಾತೆ ನಂದೂ ನಮ್ಮ ಯಜಮಾನ್ರದೂ ಸೇರಿದ್ದು. ಅಲ್ಲಿ ಬಿದ್ರೆ ಹುಲಿ ಬಾಯಿಗೆ ಬಿದ್ದ ಹಾಗೆ." ಸ್ವಂತ ಹೊಲಿಗೆ ಮಷಿನ್ ಕೊಳ್ಳಬೇಕಂತೆ.

ಬರೆದೆ. ಮೂಲೆಯಲ್ಲಿ ಎರಡು ಓರೆ ಗೆರೆ, ನಡುವೆ 'ಅಕೌಂಟ್ ಪೇಯೀ ಓನ್ಲಿ'. ಅಂಗಡಿಗೆ ಬರುವ ಚೆಕ್ಕೆಲ್ಲ ಹಾಗೇ ಇರುತ್ತವೆ. ಗೆರೆ ಇಲ್ಲದಿದ್ದರೆ ಬೋಳು ಬೋಳು. ಪೇಯೀ ಅಂದರೆ? ಗೊತ್ತಿಲ್ಲ. ಕೇಳಲಿಲ್ಲ. ಮೇಡಂ ಅಲ್ಲವೇ.

ಜೂನ್ 5
ಅಕ್ಕ ಬರಿಗೈಲಿ ಬಂದಳು. ಕೌಂಟರಿನಲ್ಲಿ ನಗದು ಕೊಡಲಿಲ್ಲವಂತೆ. ಖಾತೆಗೆ ಕಟ್ಟೋ ಚೀಟಿ ಕೊಟ್ಟು ಸಹಿ ಹಾಕು ಅಂದರಂತೆ; ಹಾಕಿ, ಚೆಕ್ಕನ್ನು ಖಾತೆಗೇ ಕಟ್ಟಿ ಬಂದಿದ್ದಾಳೆ. ಚಿಕ್ಕಮ್ಮ ಬ್ಯಾಂಕಿನವರ ಏಳು ತಲೆಮಾರು ಜಾಲಾಡಿದಳು. ನಾನೂ ತಲೆಯಾಡಿಸಿದೆ.

ಮನಸ್ಸು ತಡೆಯಲಿಲ್ಲ. ಮಧ್ಯಾಹ್ನ ಬ್ಯಾಂಕಿಗೆ ಓಡಿದೆ. ಗುಮಾಸ್ತರು ಕನ್ನಡಕ ಏರಿಸಿ ಹೇಳಿದರು: "ಪೇಯೀ ಅಂದ್ರೆ ಚೆಕ್ಕಲ್ಲಿ ಹೆಸರಿರೋರು. ಗೆರೆ ಹಾಕಿ ಹಾಗೆ ಬರೆದ್ರೆ ಅವರ ಖಾತೆಗಷ್ಟೇ. ಬೋಳಾಗಿ ಬಿಟ್ಟಿದ್ರೆ ಕೈಗೇ ಕೊಡ್ತಿದ್ವಿ. ಯಾವ ಜಾಣೆಯಮ್ಮ ಗೆರೆ ಎಳೆದಿದ್ದು?"
ಮುಖಕ್ಕೆ ಕೆಂಡ ಸುರಿದ ಹಾಗಾಯಿತು.
"ಇನ್ನೂ ಪಾಸಾಗಿಲ್ಲ. ಚೆಕ್ ಕೊಟ್ಟವರು ಇವತ್ತೇ ಬಂದು ಸ್ಟಾಪ್ ಪೇಮೆಂಟ್ ಬರೆದುಕೊಟ್ರೆ ಹಣ ಖಾತೆಗೆ ಹೋಗದೆ ನಿಲ್ಲುತ್ತೆ."

ಅಂಗಡಿಗೆ ಬಂದೆ. ಚಿಕ್ಕಮ್ಮ ಗಿರಾಕಿಗೆ ನನ್ನ ತೋರಿಸಿ, "ಇವಳಿದಾಳಲ್ಲ, ಇಂಗ್ಲಿಷ್ ಅರೆದು ಕುಡಿದಿದಾಳೆ" ಎನ್ನುತ್ತಿದ್ದಳು. ಸ್ಪಂಜು ಕತ್ತರಿಸಲು ಕೂತೆ. ಸುಳ್ಳು ಹೇಳುವವಳಲ್ಲ ನಾನು. ಸುಮ್ಮನಿದ್ದರೆ ಅದು ಸುಳ್ಳಲ್ಲ ಅಂದುಕೊಂಡೆ… ಬ್ಯಾಂಕಿನ ಬಾಗಿಲು ಹಾಕುವವರೆಗೂ ಅಂದುಕೊಂಡೆ.

ಜೂನ್ 11
ಐದು ದಿನ ಬರೆಯಲಿಲ್ಲ. ಬರೆದರೆ ನಿಜವೇ ಬರೆಯಬೇಕು.
ಅಕ್ಕನ ಗಂಡ ಇವತ್ತು ಹೊಸ ಬೈಕಿನಲ್ಲಿ ಅಂಗಡಿ ಮುಂದೆ ಹಾದುಹೋದ. ಹಾರ್ನ್ ಬೇರೆ.
ಅಕ್ಕ ತಲೆಯೆತ್ತಲಿಲ್ಲ. "ನನ್ನ ಹಣೆಬರಹ ಬಿಡೇ," ಅಂದಳು.
ಹಣೆಬರಹ ಅಲ್ಲ. ನನ್ನ ಬರಹ.

ಜೂನ್ 12
ಹೇಳಿದೆ. ಚಿಕ್ಕಮ್ಮನೂ ಅಲ್ಲೇ ಇದ್ದಳು. ಗೆರೆ ಎಳೆದದ್ದು ನಾನು. ನಿಲ್ಲಿಸಬಹುದಿತ್ತು ಅಂತ ಗೊತ್ತಿದ್ದೂ ಬಾಯಿಮುಚ್ಚಿ ಕೂತದ್ದೂ ನಾನೇ.
ಅಕ್ಕನ ಮಷಿನ್ ನಿಂತಿತು. ಬೈಗುಳಕ್ಕೆ ಕಾದೆ. ಬರಲಿಲ್ಲ.
"ಗೊತ್ತಿಲ್ಲ ಅಂದಿದ್ರೆ ನಾನೇನು ನಗ್ತಿದ್ನೇನೇ ಪುಟ್ಟಿ?"
ಮತ್ತೆ ಪೆಡಲ್ ತುಳಿದಳು. ನಾನು ಚೆಕ್ ಪುಸ್ತಕ ಚಿಕ್ಕಮ್ಮನ ಮುಂದಿಟ್ಟು ಅಂದೆ: "ಇನ್ಮೇಲೆ ಗೊತ್ತಿಲ್ಲದ್ದನ್ನ ಕೇಳಿಯೇ ಬರೀತೀನಿ."