ಖಾಲಿ ಬಿಟ್ಟ ಜಾಗ ‘ಇಲ್ಲ’ ಆದದ್ದು

ಕಾಕಾ,

‘ಸರ್’ ಎಂದು ಬರೆದು ಹೊಡೆದುಹಾಕಿದೆ. ನಾನು ನಮ್ಮ ಸಾಫ್ಟ್‌ವೇರ್ ಆಫೀಸಿಗೆ ಸೇರಿದ ಮೊದಲ ವಾರವೇ ನೀವು ಅದನ್ನು ಬಿಡಿಸಿದ್ದಿರಿ. “ಸರ್ ಅನ್ನಾಕ ಇಲ್ಲಿ ಮಂದಿ ಬೇಕಾದಷ್ಟ ಅದಾರ. ಕನ್ನಡದಾಗ ಕಾಕಾ ಅನ್ನಾಕ ಯಾರೂ ಇಲ್ಲ” ಅಂದಿರಿ. ವಿಜಯಪುರ ಬಿಟ್ಟು ಮೂವತ್ತು ವರ್ಷವಾದರೂ ನಿಮ್ಮ ಮಾತು ಮುಂಬಯಿಗೆ ಬಗ್ಗಿರಲಿಲ್ಲ. ನೀವು ಹೋಗಿ ವರ್ಷವಾಗುತ್ತ ಬಂತು. ಆಮೇಲೆ ನಡೆದದ್ದು ನಿಮಗೆ ಗೊತ್ತಿಲ್ಲ. ನಡೆಯುವ ಮೊದಲೇ ನಿಮಗೆ ಗೊತ್ತಿತ್ತು ಎನ್ನುವುದು ಬೇರೆ ಮಾತು.

ಫೋರ್ಟ್ ಏರಿಯಾದ ಉಡುಪಿ ಹೋಟೆಲಿನಲ್ಲಿ ಒಂದು ಮಧ್ಯಾಹ್ನ ನೀವು ಪೇಪರ್ ನ್ಯಾಪ್ಕಿನ್ ಮೇಲೆ ಎರಡು ಚೌಕ ಬರೆದಿರಿ. “ನೋಡವಾ ವನಿತಾ, ಕ್ಲಾಸ್ ಅಂದ್ರ ಖಾಲಿ ಫಾರ್ಮ್. ತುಂಬಿದ ಫಾರ್ಮ್ ಅಂದ್ರ ಆಬ್ಜೆಕ್ಟ್. ಈ ಫಾರ್ಮಿನಾಗ ಇದ್ದದ್ದನ್ನ ಆ ಫಾರ್ಮಿಗೆ ಹಾಕಬೇಕು. ಎರಡೂ ಒಂದ ಥರ ಕಾಣ್ತಾವ. ಹಂಗ ಕಂಡಾಗನ ಭಾಳ ಹೆದರಬೇಕು.” ನಾನು ನಕ್ಕೆ. ಒಂದೇ ಥರ ಇದ್ದರೆ ಕೆಲಸ ಸುಲಭವಲ್ಲವೇ? ಕಾಲೇಜಿನಲ್ಲಿ ಬಾಯಿಪಾಠ ಮಾಡಿ ಬಂದವಳಿಗೆ ಇನ್ನೇನು ತಿಳಿದಿತ್ತು!

ಆಸ್ಪತ್ರೆಯ ಕೆಲಸ ಬಂದ ದಿನ ನಿಮಗೆ ಸಿಟ್ಟು ಬಂದಿತ್ತು. ಹಳೆಯ ಆಸ್ಪತ್ರೆಯೊಂದನ್ನು ದೊಡ್ಡ ಆಸ್ಪತ್ರೆ ಕೊಂಡುಕೊಂಡಿತ್ತು. ಹಳೆಯ ಪ್ರೋಗ್ರಾಮಿನ ‘ರೋಗಿ’ ಎಂಬ ಕ್ಲಾಸಿನಲ್ಲಿದ್ದವರನ್ನೆಲ್ಲ ಹೊಸದರ ‘ಗ್ರಾಹಕ’ ಎಂಬ ಕ್ಲಾಸಿಗೆ ಸಾಗಿಸಬೇಕಿತ್ತು. ಹೆಸರು, ವಯಸ್ಸು, ರಕ್ತದ ಗುಂಪು, ಅಲರ್ಜಿ... ಎರಡರಲ್ಲೂ ಹೆಚ್ಚುಕಡಿಮೆ ಅವೇ ಕಾಲಮ್ಮುಗಳು. ನಮ್ಮ ಮ್ಯಾನೇಜರ್, “ಅರೆ ಕಾಕಾ, ಸೇಮ್ ಟು ಸೇಮ್ ಹೈ. ನಾಮ್ ಸೇ ನಾಮ್ ಮಿಲಾವೋ, ಕಾಮ್ ಖತಮ್” ಅಂದ. ಹೆಸರು ಹೊಂದಿದ್ದನ್ನು ತಾನೇ ನಕಲು ಮಾಡುವ ರೆಡಿಮೇಡ್ ಸಲಕರಣೆಯೂ ಅವನ ಬಳಿ ಇತ್ತು. ನೀವು ಮಾತ್ರ ಒಂದೊಂದು ಕಾಲಮ್ಮಿಗೂ ಕೈಯಾರೆ ಒಂದೊಂದು ಸಾಲು ಬರೆಯತೊಡಗಿದಿರಿ.

ನಾವಿಬ್ಬರೂ ಆ ಹಳೆಯ ಆಸ್ಪತ್ರೆಗೆ ಹೋದದ್ದು ನೆನಪಿದೆಯೇ? ವಾರ್ಡಿನಲ್ಲಿ ಬೆಳಗಾವಿಯ ಸಿಸ್ಟರ್ ಒಬ್ಬಳು ಸಿಕ್ಕಳು, ಸುಜಾತಾ. ಅಲರ್ಜಿಯ ಜಾಗ ಖಾಲಿ ಬಿಟ್ಟರೆ ಏನು ಅರ್ಥ ಎಂದು ನೀವು ಕೇಳಿದಿರಿ. “ಖಾಲಿ ಅಂದ್ರ ಯಾರೂ ಕೇಳಿಲ್ಲಂತ ಅರ್ಥರೀ. ಪೇಶಂಟ್ ಬೇಹೋಶ್ ಇದ್ದಾಗ ಯಾರನ್ನ ಕೇಳೂದು? ಅಲರ್ಜಿ ಇರಲಿಲ್ಲಂದ್ರ ‘ಇಲ್ಲ’ ಅಂತ ಬರೀತೀವಿ” ಅಂದಳು. ನೀವು ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟಿರಿ. ಹೊಸ ಫಾರ್ಮಿನಲ್ಲಿ ಆ ಜಾಗಕ್ಕೆ ಇದ್ದದ್ದು ಎರಡೇ ಉತ್ತರ, ಹೌದು ಅಥವಾ ಇಲ್ಲ. ಏನೂ ಬರದಿದ್ದರೆ ಅದು ತಾನಾಗಿ ‘ಇಲ್ಲ’ ಎಂದುಕೊಳ್ಳುತ್ತಿತ್ತು. ಯಾರೂ ಕೇಳದೆ ಬಿಟ್ಟದ್ದು ಅಲ್ಲಿಗೆ ಹೋದೊಡನೆ ಅಲರ್ಜಿ ಇಲ್ಲವೆಂಬ ಖಾತ್ರಿಯಾಗಿಬಿಡುತ್ತಿತ್ತು.

ಆ ಮೀಟಿಂಗನ್ನು ಬರೆಯದೆ ಮುಂದೆ ಹೋಗಲಾರೆ. ಹೊಸ ಫಾರ್ಮಿಗೆ ‘ಕೇಳಿಲ್ಲ’ ಎಂಬ ಮೂರನೇ ಉತ್ತರ ಸೇರಿಸಬೇಕು, ಎರಡು ವಾರ ಬೇಕು ಎಂದಿರಿ. ಮ್ಯಾನೇಜರ್ ನನ್ನ ಕಡೆ ತಿರುಗಿ, “ವನಿತಾ, ಟೆಸ್ಟ್ ಪಾಸ್ ಹುವಾ ಕಿ ನಹೀಂ?” ಎಂದ. ಸಾಗಿಸಿದ್ದು ಸರಿಯಿದೆಯೇ ಎಂದು ನೋಡುವ ಆ ಟೆಸ್ಟುಗಳನ್ನು ಬರೆದವಳು ನಾನೇ. ಅವುಗಳಲ್ಲಿ ಒಂದರಲ್ಲೂ ಅಲರ್ಜಿಯ ಜಾಗ ಖಾಲಿ ಇರಲಿಲ್ಲ. ಇಡೀ ಕೋಣೆ ನನ್ನನ್ನು ನೋಡುತ್ತಿತ್ತು. ನೀವೂ. ನಾನು ಸೇರಿ ಹತ್ತು ತಿಂಗಳಾಗಿತ್ತು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಎಲ್ಲಾ ಪಾಸಾಗಿವೆ ಎಂದೆ. ಅಷ್ಟೇ ಹೇಳಿದೆ.

ಸಂಜೆ ಲಿಫ್ಟಿನ ಹತ್ತಿರ ನೀವು ಬೈಯುತ್ತೀರಿ ಎಂದು ಕಾದೆ. “ನೀ ಸುಳ್ಳ ಹೇಳಿಲ್ಲ, ವನಿತಾ,” ಅಂದಿರಿ, “ಅದ ನೋಡು ತ್ರಾಸು.” ಬೈದಿದ್ದರೆ ಮರೆಯುತ್ತಿದ್ದೆನೇನೋ. ಮರುದಿನ ನಿಮ್ಮನ್ನು ಆ ಕೆಲಸದಿಂದ ತೆಗೆದರು, ತಿಂಗಳು ತುಂಬುವುದರೊಳಗೆ ನೀವು ರಾಜೀನಾಮೆ ಕೊಟ್ಟಿರಿ. ಮಳೆಗಾಲ ಮುಗಿಯುವ ಮೊದಲೇ ಡೊಂಬಿವ್ಲಿ ಸ್ಟೇಷನ್ನಿನ ಮೆಟ್ಟಿಲ ಮೇಲೆ ನಿಮ್ಮ ಎದೆಬಡಿತ ನಿಂತಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಇರಲಾರದು. ಆದರೂ...

ಈಗ ನಿಮಗೆ ಗೊತ್ತಿಲ್ಲದ್ದು. ನೀವು ಹೋದ ಮೂರನೇ ತಿಂಗಳು ಆ ಆಸ್ಪತ್ರೆಗೆ ಒಬ್ಬ ಶಾಲಾ ಶಿಕ್ಷಕಿಯನ್ನು ಕರೆತಂದರು. ಜ್ವರ ನೆತ್ತಿಗೇರಿ ಪ್ರಜ್ಞೆ ಇರಲಿಲ್ಲ. ಹಿಂದೊಮ್ಮೆ ಬಂದಾಗಲೂ ಅವರು ಹಾಗೆಯೇ ಬಂದಿದ್ದರು, ಯಾರೂ ಏನೂ ಕೇಳಿರಲಿಲ್ಲ. ಸ್ಕ್ರೀನಿನಲ್ಲಿ ಈಗ ‘ಅಲರ್ಜಿ: ಇಲ್ಲ’ ಎಂದಿತ್ತು. ಅದನ್ನು ನೋಡಿ ಡಾಕ್ಟರ್ ಬರೆದುಕೊಟ್ಟ ಇಂಜೆಕ್ಷನ್ನನ್ನು ಕೊಟ್ಟವಳು ಸುಜಾತಾ. ಆ ಔಷಧ ಅವರಿಗೆ ಆಗುತ್ತಿರಲಿಲ್ಲ. ಶಿಕ್ಷಕಿ ಬದುಕಿದರು. ಆದರೆ ಮಿದುಳಿಗೆ ಆಮ್ಲಜನಕ ತಲುಪದೆ ಹೋಗಿ ಈಗ ನಾಲಗೆ ತೊದಲುತ್ತದೆ. ಪಾಠ ಹೇಳುತ್ತಿದ್ದ ಹೆಂಗಸು, ಕಾಕಾ.

ಸುಜಾತಾಳನ್ನು ಸಸ್ಪೆಂಡ್ ಮಾಡಿದರು. ನಮ್ಮ ಕಂಪನಿ ಆಸ್ಪತ್ರೆಗೆ ಕೊಟ್ಟ ವರದಿಯಲ್ಲಿ ಒಂದು ಸಾಲಿತ್ತು: ‘ಈ ಪರಿವರ್ತನೆಯನ್ನು ಬರೆದ ಹಿರಿಯ ಉದ್ಯೋಗಿ ಈಗ ನಮ್ಮೊಂದಿಗಿಲ್ಲ.’ ಎಷ್ಟು ನಯವಾದ ಸಾಲು, ಅಲ್ಲವೇ? ನೀವು ಬರೆದದ್ದನ್ನೆಲ್ಲ ಅಳಿಸಿ ಮ್ಯಾನೇಜರನ ಆ ರೆಡಿಮೇಡ್ ಸಲಕರಣೆ ಹಾಕಿದವರು, ಫೈಲಿನ ತಲೆಯ ಮೇಲಿದ್ದ ನಿಮ್ಮ ಹೆಸರನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡಿದ್ದರು. ಇದು ಸರಿಯಲ್ಲ ಎಂದು ಮ್ಯಾನೇಜರನಿಗೆ ಹೇಳಿದೆ. “ಪಾಗಲ್ ಹೈ ಕ್ಯಾ? ವೋ ತೋ ಗಯೇ. ಉನ್ಕೋ ಕ್ಯಾ ಫರಕ್ ಪಡ್ತಾ ಹೈ?” ಎಂದ. ಸತ್ತವರಿಗೆ ಏನು ವ್ಯತ್ಯಾಸವಾಗುತ್ತದೆ ಎಂದು ನನ್ನನ್ನೇ ಕೇಳಿದ.

ಆ ಮೀಟಿಂಗಿನ ದಿನ ಖಾಲಿ ಜಾಗದ ಬಗ್ಗೆ ನೀವು ಕಳಿಸಿದ್ದ ಎಚ್ಚರಿಕೆಯ ಮೇಲ್ ನನ್ನ ಬಳಿ ಇತ್ತು. ಅದನ್ನೂ, ಮೀಟಿಂಗಿನಲ್ಲಿ ಯಾರು ಏನು ಹೇಳಿದರು ಎಂದು ನಾನೇ ಬರೆದ ಎರಡು ಪುಟವನ್ನೂ ಆಸ್ಪತ್ರೆಯ ವಿಚಾರಣಾ ಸಮಿತಿಗೆ ಕೊಟ್ಟೆ. ಎಲ್ಲಾ ಪಾಸಾಗಿವೆ ಎಂದು ನಾನು ಹೇಳಿದ್ದನ್ನೂ ಬಿಡಲಿಲ್ಲ. ವರದಿಯಿಂದ ಆ ಸಾಲು ಹೋಯಿತು. ನನ್ನ ಕೆಲಸವೂ ಹೋಯಿತು. ಮ್ಯಾನೇಜರ್ ಇನ್ನೂ ದೊಡ್ಡ ಕಂಪನಿ ಸೇರಿ ಇನ್ನೂ ದೊಡ್ಡ ಕುರ್ಚಿಯಲ್ಲಿ ಕುಳಿತಿದ್ದಾನೆ. ಸುಜಾತಾಳನ್ನು ವಾಪಸು ತೆಗೆದುಕೊಂಡರು. ಫೋನ್ ಮಾಡಿದಾಗ ಥ್ಯಾಂಕ್ಸ್ ಹೇಳುತ್ತಾಳೆ ಎಂದುಕೊಂಡಿದ್ದೆ, ನಾಚಿಕೆಗೇಡು. “ಡ್ಯೂಟಿ ಸಿಕ್ಕೇತ್ರೀ. ಖರೆ, ಸಿರಿಂಜ್ ಹಿಡದ್ರ ಎಲ್ಲಾರೂ ನನ್ನ ಕೈನ ನೋಡ್ತಾರ. ನೀವು ಆವಾಗನ ಹೇಳಿದ್ರ ಏನಾಕ್ಕಿತ್ತು?” ಎಂದಳು.

ಇದಕ್ಕೆಲ್ಲ ಮೊದಲು, ನಿಮ್ಮ ಹದಿಮೂರನೇ ದಿನ, ಡೊಂಬಿವ್ಲಿಯ ಮನೆಯಲ್ಲಿ ನಿಮ್ಮ ಮನೆಯವರು, ಕಾಕು, ನನ್ನ ಎರಡೂ ಕೈ ಹಿಡಿದುಕೊಂಡರು. “ಎಲ್ಲಾರೂ ಸುಮ್ನ ಕುಂತಾಗ ವನಿತಾ ಒಬ್ಬಾಕಿನ ನನ್ನ ಪರವಾಗಿ ಮಾತಾಡಿದ್ಲು ಅಂತ ನಿಮ್ಮ ಕಾಕಾ ಹೇಳಿದ್ರವಾ” ಎಂದು ಅತ್ತರು. ಯಾಕೆ ಹಾಗೆ ಹೇಳಿದಿರಿ? ನನ್ನ ಮಾನ ಉಳಿಸಲಿಕ್ಕೋ, ನಂಬಿದ ಹುಡುಗಿಯೂ ಕೈಬಿಟ್ಟಳೆಂದು ಹೆಂಡತಿಯ ಮುಂದೆ ಹೇಳಿಕೊಳ್ಳಲಾರದೆಯೋ? ಅವರು ಬಡಿಸಿದ್ದನ್ನು ಉಂಡು ಎದ್ದು ಬಂದೆ. ಸಮಿತಿಯ ಮುಂದೆ ಬಾಯಿ ಬಂತು, ಅವರ ಮುಂದೆ ಇವತ್ತಿಗೂ ಬಂದಿಲ್ಲ. ಪ್ರತಿ ಹಬ್ಬಕ್ಕೂ ಅವರು ನನಗೊಂದು ಡಬ್ಬಿ ಕಟ್ಟಿ ಕಳಿಸುತ್ತಾರೆ.

ನಾಳೆ ಭಾನುವಾರ. ಬೆಳಿಗ್ಗೆ ಬರುತ್ತೇನೆಂದು ಕಾಕುಗೆ ಫೋನ್ ಮಾಡಿದ್ದೇನೆ. “ಬಾರವಾ, ಊಟಕ್ಕ ಇಲ್ಲೇ ಇರು” ಅಂದಿದ್ದಾರೆ. ನೀವು ಅವರಿಗೆ ಹೇಳಿದ್ದು ಸುಳ್ಳೆಂದು ನಾನೇ ಹೇಳುತ್ತೇನೆ, ಊಟಕ್ಕೆ ಕೂರುವ ಮೊದಲೇ.

ವನಿತಾ